ಪಾಪು ಸಾಯದೇ ಹೋದ ಆಟ

ಪಾಪುವಿಗೆ ಐವತ್ತು ದಾಟಿತ್ತು. ನಡುನೆತ್ತಿಯ ಕೂದಲು ಉದುರಿ ಬಟ್ಟಬಯಲಾಗಿತ್ತು, ಗಡ್ಡ ಬಿಟ್ಟರೆ ಬೆಳ್ಳಗೆ ಬರುತ್ತಿತ್ತು, ಪೇಟೆಯಲ್ಲಿ ಬೀಗ ರಿಪೇರಿಯ ಸ್ವಂತ ಅಂಗಡಿ ಇತ್ತು. ಆದರೂ ಅಕ್ಕನ ಬಾಯಲ್ಲಿ ಅವನು ಪಾಪುವೇ. ಅಕ್ಕ ಕರೆಯುವುದನ್ನು ಕೇಳಿ ಕೇಳಿ ಭಾವನೂ ಹಾಗೇ ಕರೆದ, ಬೀದಿಯವರೂ ಹಾಗೇ ಕರೆದರು, ಕೊನೆಗೆ ಕಣ್ಣಾಸ್ಪತ್ರೆಯ ನರ್ಸು ಕೂಡ "ಪಾಪು ಅವರೇ, ತಲೆ ಎತ್ತಬೇಡಿ" ಅಂದುಬಿಟ್ಟಳು. ಪಾಪುವಿಗೆ 'ಅವರೇ' ಸೇರಿಸಿ ಕರೆಸಿಕೊಂಡ ಗಂಡಸು ಭೂಮಿಯ ಮೇಲೆ ಇನ್ನೊಬ್ಬ ಇದ್ದಾನೋ ಇಲ್ಲವೋ.

ತಲೆ ಎತ್ತುವ ಹಾಗಿಲ್ಲ, ಅದೇ ಪಜೀತಿ. ಹುಟ್ಟಿದಾಗಿನಿಂದ ಅವನ ಎಡಗಣ್ಣು ಲೆಕ್ಕಕ್ಕುಂಟು ಆಟಕ್ಕಿಲ್ಲ. ಬೆಳಕು ಯಾವುದು, ಕತ್ತಲೆ ಯಾವುದು ಅನ್ನುವುದು ಬಿಟ್ಟರೆ ಅದಕ್ಕೆ ಬೇರೇನೂ ತಿಳಿಯದು. ಇಷ್ಟು ವರ್ಷ ಬಲಗಣ್ಣೊಂದನ್ನೇ ನಂಬಿ ಬೀಗ ಬಿಚ್ಚಿ, ಕೀಲಿ ಅರೆದು, ಹೆಂಡತಿ ಮಕ್ಕಳ ಗೊಡವೆ ಇಲ್ಲದೆ ಅಂಗಡಿಯ ಮೇಲಿನ ಕೋಣೆಯಲ್ಲಿ ಹಾಯಾಗಿದ್ದ. ಆ ಬಲಗಣ್ಣಿನ ಒಳಪರದೆ ಒಂದು ಬೆಳಿಗ್ಗೆ ಗೋಡೆಗೆ ಅಂಟಿಸಿದ ಕಾಗದ ಸುಲಿದ ಹಾಗೆ ಸುಲಿದುಕೊಂಡಿತು. ಆಪರೇಷನ್ ಮಾಡಿ ಪರದೆಯನ್ನು ಮತ್ತೆ ಕೂರಿಸಿ, ಅದು ಜಾಗ ಬಿಟ್ಟು ಕದಲದಿರಲಿ ಅಂತ ಕಣ್ಣೊಳಗೆ ಒಂದು ಗಾಳಿಗುಳ್ಳೆ ತುಂಬಿ ಕಳಿಸಿದ್ದರು. ಗುಳ್ಳೆ ಯಾವಾಗಲೂ ಮೇಲಕ್ಕೇ ಏರುವ ಜಾತಿ ತಾನೆ? ಅದು ಹಿಂದಿನ ಪರದೆಯನ್ನು ಒತ್ತಿ ಹಿಡಿಯಬೇಕೆಂದರೆ ಮುಖ ನೆಲ ನೋಡುತ್ತಲೇ ಇರಬೇಕು. ಮಲಗಿದರೂ ನೆಲ, ಕೂತರೂ ನೆಲ, ತಿಂದರೂ ನೆಲ. ಗುಳ್ಳೆ ಕರಗುವವರೆಗೆ ಆ ಕಣ್ಣಿಗೆ ಏನೂ ಕಾಣುವುದೂ ಇಲ್ಲ.

ಹಾಗಾಗಿ ಪಾಪು ಅಕ್ಕನ ಮನೆಯ ಮುಂದಿನ ಕೋಣೆ ಸೇರಿದ. ಭಾವ ಲಾರಿ, ಬಸ್ಸುಗಳಿಗೆ ಸೀಟು ಹೊಲಿಯುವ ಕಸುಬಿನವನು. ಮಾತು ಕಡಿಮೆ, ಸೂಜಿ ಚುರುಕು. ಅವನು ಫೋಮು ಕತ್ತರಿಸಿ, ಮೇಲೆ ರೆಕ್ಸಿನ್ ಹೊದಿಸಿ, ಮಂಚದ ತಲೆಭಾಗಕ್ಕೆ, ಆಚೆ ಚಾಚಿಕೊಳ್ಳುವ ಹಾಗೆ, ನಡುವೆ ತೂತಿರುವ ಒಂದು ದಿಂಬು ಮಾಡಿ ಸಿಕ್ಕಿಸಿದ. ಪಾಪು ಬೋರಲಾಗಿ ಮಲಗಿ ಆ ತೂತಿನಲ್ಲಿ ಮುಖ ಇಡುತ್ತಿದ್ದ. ಟೀ ಕುಡಿಯಬೇಕೆಂದರೆ ಅಕ್ಕ ಮಂಚದ ಕೆಳಗೆ ಲೋಟ ಹಿಡಿದು ಉದ್ದನೆಯ ಸ್ಟ್ರಾ ಕೊಡುತ್ತಿದ್ದಳು.

"ಭಾವ, ಇದಕ್ಕೊಂದು ಸ್ಟೀರಿಂಗೂ ಹಾಕಿಬಿಡಿ, ಮನೆ ಓಡಿಸ್ಕೊಂಡು ಹೋಗ್ತೀನಿ" ಅಂದ ಪಾಪು.

"ಮೊದ್ಲು ಬ್ರೇಕು ಹಾಕ್ಬೇಕು ನಿನ್ನ ಬಾಯಿಗೆ" ಅಂದಳು ಅಕ್ಕ.

ಅಕ್ಕನ ವಿಷಯ ಸ್ವಲ್ಪ ಹೇಳಬೇಕು. ಆಕೆ ಒಬ್ಬ ಹಲ್ಲಿನ ಡಾಕ್ಟರ ಬಳಿ ಹೊರಗಿನ ಮೇಜಿನಲ್ಲಿ ಕೂರುವವಳು. ಕೆನ್ನೆ ಊದಿಸಿಕೊಂಡು ಬಂದವರನ್ನು ಕೂರಿಸಿ, ಒಳಗಿನಿಂದ ಡ್ರಿಲ್ಲಿನ ಸದ್ದು ಕೇಳಿ ಎದ್ದು ಓಡಲು ನೋಡುವವರ ಹೆಗಲು ಒತ್ತಿ, "ಏನೂ ನೋವಾಗಲ್ಲ, ಇರುವೆ ಕಚ್ಚಿದ ಹಾಗೆ, ಒಂದೇ ನಿಮಿಷ" ಅನ್ನುವುದು ಅವಳ ಕೆಲಸ. ಅದು ಸುಳ್ಳು ಅಂತ ಅವಳಿಗೆ ಎಂದೂ ಅನಿಸಿರಲಿಲ್ಲ. ಕುರ್ಚಿ ಒರೆಸುವುದು ಹೇಗೋ ಇದೂ ಹಾಗೇ. ನೋವಾದವರು ಹೊರಗೆ ಬರುವಾಗ ಬಾಯಿ ತುಂಬ ಹತ್ತಿ ಇರುತ್ತಿತ್ತು, ಬೈಯಲು ಆಗುತ್ತಿರಲಿಲ್ಲ.

ತಮ್ಮನಿಗೆಂದು ರಜೆ ಹಾಕಿದ ಅಕ್ಕ ಅವನ ಬಟ್ಟೆ ತರಲು ಅಂಗಡಿಯ ಮೇಲಿನ ಕೋಣೆಗೆ ಹೋದಾಗ ಕಪಾಟಿನಲ್ಲಿ ಆ ಪುಸ್ತಕ ಸಿಕ್ಕಿತು. 'ಮೂಕ ರಾಣಿಯ ಕೋಟೆ'. ರಟ್ಟು ಕಿತ್ತು ಟೇಪಿನಲ್ಲಿ ನಿಂತಿತ್ತು. ಮೇಲೆ ಹಸಿರು ಕತ್ತಿ ಹಿಡಿದ ಒಬ್ಬ, ಅವನ ಹಿಂದೆ ಕೋಟೆ, ಕೋಟೆಯ ಹಿಂದೆ ಏನೋ ಒಂದು ರೆಕ್ಕೆಯ ಪ್ರಾಣಿ. ಸೋದರಮಾವ ಯಾವುದೋ ಕಾಲದಲ್ಲಿ ತಂದುಕೊಟ್ಟದ್ದು. ಅಕ್ಕ ಅಲ್ಲೇ ನೆಲದ ಮೇಲೆ ಕೂತು "ಅಯ್ಯೋ ಮುದಿಯಾ, ನೀನಿನ್ನೂ ಇದ್ದೀಯಾ!" ಅಂತ ಪುಸ್ತಕವನ್ನೇ ಮಾತಾಡಿಸಿದಳು.

ಇಂಥ ಪುಸ್ತಕ ಕಾಣದವರಿಗೆ ಒಂದು ಮಾತು. ಇದನ್ನು ಮೊದಲಿಂದ ಕೊನೆಗೆ ಓದುವ ಹಾಗಿಲ್ಲ. ಕಥೆಯ ನಾಯಕ ನೀನೇ. ಕಥೆಯನ್ನು ತುಂಡು ತುಂಡು ಮಾಡಿ, ತುಂಡಿಗೊಂದು ನಂಬರು ಕೊಟ್ಟು, ಎಲ್ಲವನ್ನೂ ಚೆಲ್ಲಾಪಿಲ್ಲಿಯಾಗಿ ಅಚ್ಚು ಹಾಕಿರುತ್ತಾರೆ. ಪ್ರತಿ ತುಂಡಿನ ಕೊನೆಯಲ್ಲೂ ಒಂದು ಕವಲು: ಎಡಬಾಗಿಲು ತೆಗೆದರೆ ಈ ನಂಬರಿಗೆ ಹೋಗು, ಬಲಬಾಗಿಲಾದರೆ ಆ ನಂಬರಿಗೆ. ದೆವ್ವವೋ ದರೋಡೆಕೋರನೋ ಎದುರಾದರೆ ದಾಳ ಹಾಕಿ ಕಾದಾಡಬೇಕು. ನಿನ್ನ ಶಕ್ತಿ ಎಷ್ಟಿದೆ, ಅದೃಷ್ಟ ಎಷ್ಟಿದೆ ಅಂತ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿಡಬೇಕು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುವುದನ್ನು ಯಾರೋ ಪುಣ್ಯಾತ್ಮ ಹಾಗೇ ಪುಸ್ತಕ ಮಾಡಿಟ್ಟ ಹಾಗಿತ್ತು. ದಾರಿ ತಪ್ಪಿದರೆ ಸಾವು. ಸತ್ತರೆ ಮೊದಲಿನಿಂದ ಶುರು.

ಚಿಕ್ಕವರಿದ್ದಾಗ ಅಕ್ಕ ಓದುವವಳು, ಪಾಪು ಆಡುವವನು. ಅಕ್ಕ ಹಿಂದಿನ ಪುಟದಲ್ಲಿ ಬೆರಳು ಸಿಕ್ಕಿಸಿಕೊಂಡೇ ಮುಂದಿನದನ್ನು ಓದುತ್ತಿದ್ದಳು, ಸತ್ತರೆ ವಾಪಸ್ಸು ಬರೋಣ ಅಂತ. ಪಾಪು ಅವಳ ಬೆರಳನ್ನು ಕಿತ್ತು ಎಸೆಯುತ್ತಿದ್ದ. "ಬೆರಳು ತೆಗಿ ಅಕ್ಕ! ಸತ್ರೆ ಸತ್ತೆ!" ಹಾಗೇ ಸಾಯುತ್ತಿದ್ದ ಕೂಡ. ಕೋಟೆಯ ಅಂಗಳ ದಾಟುವುದರೊಳಗೆ ಅವನು ಸತ್ತಷ್ಟು ಸಲ ಯಾವ ಯುದ್ಧದಲ್ಲೂ ಯಾರೂ ಸತ್ತಿರಲಿಕ್ಕಿಲ್ಲ. ಮೂಕ ರಾಣಿಯ ಮುಖವನ್ನು ಇಬ್ಬರೂ ಕಂಡದ್ದೇ ಇಲ್ಲ.

ಈಗ ಬೋರಲು ಬಿದ್ದ ತಮ್ಮನಿಗೆ ಹೊತ್ತು ಹೋಗಬೇಕಲ್ಲ. ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಕುರ್ಚಿ ಎಳೆದುಕೊಂಡು ಪುಸ್ತಕ ತೆರೆದಳು. ನೆಲದ ಮೇಲೆ ಒಂದು ಸ್ಟೀಲಿನ ತಟ್ಟೆ ಇಟ್ಟಳು. ಪಾಪು ಕೈ ಕೆಳಗೆ ಇಳಿಬಿಟ್ಟು ಅದರೊಳಗೆ ಟಣಟಣ ಅಂತ ದಾಳ ಉರುಳಿಸಿದ.

"ಕೋಟೆಯ ಅಂಗಳದಲ್ಲಿ ಒಂದು ಬತ್ತಿದ ಬಾವಿ ಇದೆ. ಬಾವಿಯೊಳಗಿನಿಂದ ಯಾರೋ ಗುನುಗುವ ದನಿ ಕೇಳುತ್ತಿದೆ" ಅಂತ ಅಕ್ಕ ರಾಗವಾಗಿ ಓದಿದಳು. "ಬಾವಿಗೆ ಇಳಿಯುವುದಾದರೆ ಇನ್ನೂರ ಎಂಬತ್ತಕ್ಕೆ ಹೋಗು. ಇಳಿಯದೆ ಮುಂದೆ ನಡೆಯುವುದಾದರೆ ಮೂವತ್ತೆರಡಕ್ಕೆ."

"ಇಳೀತೀನಿ."

"ಎಲ್ಲಾ ಬಿಟ್ಟು ಬಾವೀನೇ ಬೇಕೇನೋ ನಿಂಗೆ?"

"ಗುನುಗ್ತಿದಾರೆ ಅಂತಿದೆಯಲ್ಲ. ಯಾರು ಅಂತ ನೋಡೋದು ಬೇಡ್ವಾ?"

ಅಕ್ಕ ಇನ್ನೂರ ಎಂಬತ್ತನ್ನು ತೆಗೆದಳು. ಬಾಯಿ ಬಿಡುವ ಮೊದಲು ಕಣ್ಣು ಕೆಳಗೆ ಓಡಿತು. ಹಗ್ಗ ಹರಿಯುತ್ತದೆ. ನೀನು ಬೀಳುತ್ತೀಯ. ಕೊನೆಯ ಸಾಲು ಹೀಗಿತ್ತು: 'ನಿನ್ನ ಕಣ್ಣುಗಳಿಗೆ ಎಂದೂ ಹರಿಯದ ಕತ್ತಲೆ ಕವಿಯುತ್ತದೆ. ನಿನ್ನ ಸಾಹಸ ಇಲ್ಲಿಗೆ ಮುಗಿಯಿತು.'

ಈ ಪುಸ್ತಕದಲ್ಲಿ ಯಾರೇ ಸಾಯಲಿ, ಹೇಗೇ ಸಾಯಲಿ, ಕೊನೆಗೆ ಇದೇ ಸಾಲು ಬರುತ್ತದೆ ಅನ್ನುವುದು ಅಕ್ಕನಿಗೆ ಆಗ ನೆನಪಾಯಿತು. ಚಿಕ್ಕಂದಿನಲ್ಲಿ ಇಬ್ಬರೂ ಇದನ್ನು ಕಿರುಚಿ ಕಿರುಚಿ ಒಟ್ಟಿಗೆ ಹೇಳುತ್ತಿದ್ದರು. ಈಗ ತೂತಿನ ದಿಂಬಿನಲ್ಲಿ ಮುಖವಿಟ್ಟು ಕಾಯುತ್ತಿರುವ ತಮ್ಮನ ಬೋಳು ನೆತ್ತಿಯನ್ನು ನೋಡಿಕೊಂಡು ಅದನ್ನು ಓದುವುದು ಹೇಗೆ? ಆಡಿದ್ದು ಅಸ್ತು ಆಗಿಬಿಟ್ಟರೆ? ಅವಳು ಸದ್ದಾಗದ ಹಾಗೆ ಹಿಂದಕ್ಕೆ ಮಗುಚಿ, ಮೂವತ್ತೆರಡನ್ನು ತೆಗೆದಳು.

"ನೀನು ಬಾವಿಯೊಳಗೆ ಬಗ್ಗಿ ನೋಡುತ್ತೀಯ. ಅಲ್ಲಿ, ಮ್ಮ್, ಯಾರೂ ಇಲ್ಲ. ಬರೀ ಗಾಳಿಯ ಸದ್ದು. ನೀನು ಮುಂದೆ ನಡೆಯುತ್ತೀಯ" ಅಂದಳು.

"ಇಷ್ಟೇನಾ?"

"ಇಷ್ಟೇ. ನಾನೇನು ಮಾಡ್ಲಿ, ಬರ್ದೋನನ್ನ ಕೇಳು."

ಹೀಗೆ ಶುರುವಾಯಿತು. ಒಂದು ಸಲ ತಪ್ಪಿದ ನಾಲಗೆಗೆ ಎರಡನೆಯ ಸಲ ನಾಚಿಕೆ ಇರುವುದಿಲ್ಲ. ಪಾಪು ವಿಷದ ಬಟ್ಟಲು ಎತ್ತಿದರೆ ಅಕ್ಕ ಅದನ್ನು ಜೇನು ಮಾಡಿದಳು. ಪಾಪು ರೆಕ್ಕೆಯ ಪ್ರಾಣಿಯ ಎದುರು ಎರಡೂ ದಾಳದಲ್ಲಿ ಒಂದೊಂದು ಹಾಕಿದರೆ ಅಕ್ಕ "ಭಲೇ, ಆರು ಐದು!" ಅಂದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದಳು. ವ್ಯತ್ಯಾಸ ಇಷ್ಟೇ, ಇಲ್ಲಿ ಕಣ್ಣು ಮುಚ್ಚಿದ್ದು ಬೇರೆಯವರದ್ದು. ದಿನಗಳೆದಂತೆ ಪಾಪು ಕೋಟೆಯ ಒಳಗೊಳಗೆ ಹೋದ. ಅಂಗಳ ದಾಟಿದ, ಸೆರೆಮನೆ ದಾಟಿದ, ಇಬ್ಬರೂ ಜನ್ಮದಲ್ಲಿ ಕಾಣದಿದ್ದ ಕನ್ನಡಿಗಳ ಕೋಣೆಗೆ ಬಂದ.

ನಿಜ ಹೇಳಬೇಕೆಂದರೆ ಅಕ್ಕನಿಗೆ ಆ ದಿನಗಳು ಬಹಳ ಸುಖವಾಗಿದ್ದವು. ತಮ್ಮ ಒಂದೇ ಪೇಟೆಯಲ್ಲಿದ್ದರೂ ಅಪರೂಪಕ್ಕೆ ಬಂದು, ನಿಂತುಕೊಂಡೇ ಟೀ ಕುಡಿದು, ಅಂಗಡಿ ಬಾಗಿಲು ತೆರೆದಿದೆ ಅಂತ ಓಡುವವನು. ಈಗ ಮುಂದಿನ ಕೋಣೆಯಲ್ಲಿ ಇಡೀ ದಿನ ಅವನ ದನಿ. ಹೀಗೇ ಇದ್ದುಬಿಡಲಿ ಅಂತ ಒಂದು ಯೋಚನೆ ಬಂದು ಹೋಗುತ್ತಿತ್ತು, ಮತ್ತೆ "ಥೂ, ಪಾಪಿ" ಅಂತ ತನಗೆ ತಾನೇ ಬೈದುಕೊಳ್ಳುತ್ತಿದ್ದಳು.

ಬುಧವಾರ ಆಸ್ಪತ್ರೆಗೆ ತೋರಿಸಲು ಹೋದರು. ಕಣ್ಣಿಗೆ ಬೆಳಕು ಬಿಟ್ಟು ಅತ್ತಿತ್ತ ನೋಡಿಸಿ ಪರೀಕ್ಷೆ ಮಾಡುವಷ್ಟರಲ್ಲಿ ಪಾಪುವಿಗೆ ತಲೆಸುತ್ತು ಬಂದು, ನರ್ಸು ಅವನನ್ನು ಪಕ್ಕದ ಕೋಣೆಯಲ್ಲಿ ಮಲಗಿಸಿದಳು. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ಸುತ್ತಿಬಳಸಿ ಮಾತಾಡುವ ಅಭ್ಯಾಸ ಇಲ್ಲದವರು.

"ಪರದೆಯ ಕೆಳಗಿನ ಅಂಚು ಮತ್ತೆ ಬಿಟ್ಕೊಂಡಿದೆ" ಅಂದರು. "ಈಗ ಎರಡು ದಾರಿ. ಬಿಟ್ಟಿರೋ ಜಾಗದ ಸುತ್ತ ಲೇಸರ್ ಹಾಕಿ ಅಲ್ಲಿಗೇ ತಡೀಬಹುದು. ಆಗ ಈಗಿರೋದು ಉಳಿಯುತ್ತೆ. ಗುಳ್ಳೆ ಕರಗಿದ್ಮೇಲೆ ಮಂಜು ಗಾಜಿನ ಹಿಂದೆ ನೋಡಿದ ಹಾಗೆ ಕಾಣುತ್ತೆ. ಮನೆಯೊಳಗೆ ಓಡಾಡಬಹುದು. ಸೂಕ್ಷ್ಮದ ಕೆಲ್ಸ ಆಗಲ್ಲ. ಇಲ್ಲಾಂದ್ರೆ ಇನ್ನೊಂದು ಆಪರೇಷನ್, ಒಳಗೆ ಎಣ್ಣೆ ತುಂಬ್ತೀವಿ. ಸರಿಹೋದ್ರೆ ಸುಮಾರು ಮೊದಲಿನ ಹಾಗೇ ಕಾಣಬಹುದು. ಸರಿಹೋಗದಿದ್ರೆ ಇರೋದೂ ಹೋಗುತ್ತೆ."

"ಯಾವುದಕ್ಕೆ ಜಾಸ್ತಿ ಗ್ಯಾರಂಟಿ?"

"ಆಪರೇಷನ್‌ಗೆ ಅರ್ಧಕ್ಕರ್ಧ. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ."

"ಹಾಗಾದ್ರೆ ಲೇಸರ್ ಮಾಡಿ" ಅಂದಳು ಅಕ್ಕ, ಒಂದು ಉಸಿರೂ ತಡೆಯದೆ.

ಡಾಕ್ಟರು ಅವಳನ್ನು ನೋಡಿದರು. "ನೀವಲ್ಲ, ಅವರು ಹೇಳ್ಬೇಕು. ಈಗ ಸುಸ್ತಾಗಿದಾರೆ, ಮನೆಗೆ ಕರ್ಕೊಂಡು ಹೋಗಿ ನಿಧಾನಕ್ಕೆ ಹೇಳಿ. ಅವರ ತೀರ್ಮಾನ ನಂಗೆ ಫೋನಲ್ಲಿ ತಿಳಿಸಿ. ಯಾವುದಾದ್ರೂ ಸೋಮವಾರವೇ ಮಾಡ್ಬೇಕು."

ಟ್ಯಾಕ್ಸಿಯಲ್ಲಿ ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದ ಪಾಪು ಕೇಳಿದ, "ಏನಂದ್ರು?"

"ಏನಿಲ್ಲ, ಎಲ್ಲಾ ಚೆನ್ನಾಗಿದೆಯಂತೆ. ಸೋಮವಾರ ಸುಮ್ನೆ ಒಂಚೂರು ಬೆಳಕು ಹಾಯಿಸ್ತಾರಂತೆ. ಎಲ್ಲರಿಗೂ ಮಾಡ್ತಾರಂತೆ. ನೋವೇ ಆಗಲ್ಲ, ಇರುವೆ ಕಚ್ಚಿದ ಹಾಗೆ."

ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಅಕ್ಕ ಆಸ್ಪತ್ರೆಗೆ ಫೋನು ಹಚ್ಚಿದಳು. "ಕೇಳಿದೆ ಡಾಕ್ಟ್ರೇ. ಅವನೂ ಲೇಸರ್ ಅಂತಾನೇ ಅಂದ" ಅಂದಳು. ಫೋನು ಇಟ್ಟು ತಿರುಗಿದರೆ ಕೆಲಸಕ್ಕೆ ಹೊರಟಿದ್ದ ಗಂಡ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ.

"ಯಾವಾಗ ಕೇಳ್ದೆ ಅವನನ್ನ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. "ನಾನೇನು ಅವನಿಗೆ ಕೆಟ್ಟದ್ದು ಬಯಸ್ತೀನಾ?" ಅಂತ ಅಕ್ಕ ರೇಗಿದಳು. "ಅವನನ್ನ ಕೇಳಿದ್ರೆ ಬಾವಿಗೇ ಇಳೀತೀನಿ ಅಂತಾನೆ. ಚಿಕ್ಕಂದಿನಿಂದ ನೋಡಿದೀನಿ. ಇರೋದೊಂದು ಕಣ್ಣು ರೀ! ಪೂರ್ತಿ ಕತ್ತಲೆ ಮಾಡ್ಕೊಂಡು ಕೂತ್ರೆ ಏನ್ ಮಾಡೋದು?"

"ನನ್ನ ಹಲ್ಲು ಕೀಳಿಸೋದನ್ನೂ ನೀನೇ ಡಾಕ್ಟ್ರಿಗೆ ಹೇಳಿ ಮುಗಿಸಿದ್ದೆ. ಕಿತ್ತಾದ್ಮೇಲೆ ನೋಡಿದ್ರೆ ನೋಯ್ತಿದ್ದದ್ದು ಪಕ್ಕದ್ದು."

"ಅದಕ್ಕೂ ಇದಕ್ಕೂ ಏನ್ ಸಂಬಂಧ?"

"ಹಲ್ಲಾದ್ರೆ ಇನ್ನೂ ಮೂವತ್ತೊಂದಿತ್ತು, ನಾನು ಸುಮ್ನಾದೆ" ಅಂದು ಭಾವ ಚಪ್ಪಲಿ ಮೆಟ್ಟಿಕೊಂಡು ಹೋದ. ಅಕ್ಕ ಒಂದು ಪಾತ್ರೆಯನ್ನು ಬೇಕೆಂದೇ ಜೋರಾಗಿ ಕುಕ್ಕಿದಳು.

ಶುಕ್ರವಾರ ಮಧ್ಯಾಹ್ನ ಮತ್ತೆ ಪುಸ್ತಕ ತೆರೆಯಿತು. ಕನ್ನಡಿಗಳ ಕೋಣೆಯ ಆಚೆ ಮೂಕ ರಾಣಿಯ ಸಭೆ. ಇನ್ನೇನು ಎರಡು ಬಾಗಿಲು. ಅಕ್ಕ ಅಂದು ಬಹಳ ಹುರುಪಿನಲ್ಲಿ, ಕಾವಲುಗಾರನ ದನಿ ಬೇರೆ, ನರಿಯ ದನಿ ಬೇರೆ ಮಾಡಿ ಓದುತ್ತಿದ್ದಳು.

"ಅಕ್ಕ" ಅಂದ ಪಾಪು ದಿಂಬಿನ ತೂತಿನೊಳಗಿನಿಂದ.

"ಹೂಂ?"

"ನಾನ್ಯಾಕೆ ಸಾಯ್ತಿಲ್ಲ?"

"ಬಿಡ್ತು ಅನ್ನು! ಏನ್ ಮಾತೋ ಅದು?"

"ಪುಸ್ತಕದಲ್ಲಿ ಕಣೇ. ಈ ಪುಸ್ತಕದಲ್ಲಿ ನಾನು ಅಂಗಳ ದಾಟಿದ್ದೇ ಇಲ್ಲ. ಈ ಸಲ ರಾಣಿ ಮನೆ ಬಾಗಿಲವರೆಗೆ ಬಂದೆ, ಒಂದು ಗಾಯ ಇಲ್ಲ."

"ವಯಸ್ಸಾಯ್ತಲ್ಲ, ಬುದ್ಧಿ ಬಂದಿರ್ಬೇಕು."

"ಬುದ್ಧಿ ಬಂದೋನು ಬಾವಿಗೆ ಇಳೀತೀನಿ ಅಂತಾನಾ?" ಪಾಪುವಿನ ದನಿ ಶಾಂತವಾಗಿತ್ತು. "ಬಾವಿಗೆ ಇನ್ನೂರ ಎಂಬತ್ತು ಅಂತ ಓದಿದೆ. ನಾವಿದ್ದದ್ದು ಪುಸ್ತಕದ ಶುರುವಲ್ಲಿ. ಅರ್ಧ ಪುಸ್ತಕ ದಬಕ್ ಅಂತ ಮಗುಚಿದ್ದು ಕೇಳ್ತು. ಆಮೇಲೆ ಮೆಲ್ಲಗೆ ವಾಪಸ್ ಬಂದಿದ್ದೂ ಕೇಳ್ತು. ಆಮೇಲೆ ಒಂದೇ ಒಂದು ಹಾಳೆ. ಬೀಗದೊಳಗೆ ಪಿನ್ನು ಕೂತ್ಕೊಳ್ತೋ ಇಲ್ವೋ ಅನ್ನೋದನ್ನ ದಿನಾ ಕಿವಿಯಲ್ಲೇ ಕೇಳೋನು ನಾನು. ಇಷ್ಟು ದಪ್ಪ ಪುಸ್ತಕ ಕೇಳಲ್ವಾ?"

ಅಕ್ಕನ ಮುಖ ಬಿಸಿಯಾಯಿತು. ಪುಣ್ಯಕ್ಕೆ ಅವನಿಗೆ ಕಾಣುವುದಿಲ್ಲ ಅನಿಸಿತು. ಮರುಕ್ಷಣ ಹಾಗೆ ಅನಿಸಿದ್ದಕ್ಕೇ ನಾಚಿಕೆಯಾಯಿತು.

"ಮೊದಲ್ನೇ ದಿನವೇ ಗೊತ್ತಿತ್ತಾ? ಮತ್ಯಾಕೋ ಸುಮ್ನಿದ್ದೆ, ಕಳ್ಳ?"

"ನೀನು ಖುಷಿಯಾಗಿ ಓದ್ತಿದ್ದೆ. ಪುಸ್ತಕ ತಾನೆ, ಯಾರಪ್ಪನ ಗಂಟು ಹೋಗುತ್ತೆ ಅಂದ್ಕೊಂಡೆ. ಆದ್ರೆ ದಿನಾ ಕೇಳಿ ಕೇಳಿ ಒಂದು ಗೊತ್ತಾಗೋಯ್ತು. ನೀನು ಸುಳ್ಳು ಓದುವಾಗ ನಿನ್ನ ದನಿ ಸ್ವಲ್ಪ ಮೇಲಕ್ಕೆ ಹೋಗುತ್ತೆ. ಬೇಕಾದ್ದಕ್ಕಿಂತ ಜಾಸ್ತಿ ಸಂತೋಷ ಆಗ್ಬಿಡುತ್ತೆ ನಿಂಗೆ." ಅವನು ಒಂದು ಸಲ ಉಸಿರೆಳೆದುಕೊಂಡ. "ಮೊನ್ನೆ ಟ್ಯಾಕ್ಸಿಯಲ್ಲಿ 'ಎಲ್ಲಾ ಚೆನ್ನಾಗಿದೆ' ಅಂದೆಯಲ್ಲ, ಅದೇ ದನಿ."

ಅಕ್ಕನಿಗೆ ಮೊದಲು ಬಂದದ್ದು ಸಿಟ್ಟು. "ಯಾರಿಗೋಸ್ಕರ ಮಾಡಿದ್ದು ನಾನು? ನಂಗೋಸ್ಕರಾನಾ?" ಅಂತ ಕೂಗಿದಳು. ಕೂಗಿದ ಮೇಲೆ ಆ ಪ್ರಶ್ನೆಗೆ ತನ್ನಲ್ಲೇ ಸರಿಯಾದ ಉತ್ತರ ಇಲ್ಲ ಅನ್ನುವುದು ತಿಳಿದು, ಅತ್ತಳು. ಪಾಪು ತಡೆಯಲಿಲ್ಲ. ಕೈ ಹಿಂದಕ್ಕೆ ಚಾಚಿ ತಡಕಾಡಿ ಅವಳ ಮೊಣಕಾಲು ಸಿಕ್ಕಿದ್ದನ್ನು ಹಿಡಿದುಕೊಂಡ.

"ಮೊದ್ಲು ಬಾವಿ ಓದು" ಅಂದ.

"ಬೇಡ ಕಣೋ."

"ಓದು. ಅಭ್ಯಾಸ ಆಗ್ಲಿ ನಿಂಗೆ. ಇಷ್ಟು ದಿನದಿಂದ ಬಾವಿ ಕಟ್ಟೆ ಮೇಲೇ ನಿಂತಿದೀನಿ ನಾನು."

ಅಕ್ಕ ಮೂಗು ಒರೆಸಿಕೊಂಡು ಇನ್ನೂರ ಎಂಬತ್ತನ್ನು ತೆಗೆದಳು. ಗುನುಗುತ್ತಿದ್ದದ್ದು ಒಂದು ಕಲ್ಲಿನ ಬಾಯಿ. ಅದನ್ನು ಮುಟ್ಟಲು ಹೋದಾಗ ಹಗ್ಗ ಹರಿಯಿತು. ಅವಳು ಒಂದಕ್ಷರ ಬಿಡದೆ ಓದಿದಳು. ಕೊನೆಯ ಸಾಲಿಗೆ ಬಂದಾಗ ನಿಂತು, ಅದನ್ನೂ ಓದಿದಳು. "ನಿನ್ನ ಕಣ್ಣುಗಳಿಗೆ ಎಂದೂ ಹರಿಯದ ಕತ್ತಲೆ ಕವಿಯುತ್ತದೆ. ನಿನ್ನ ಸಾಹಸ ಇಲ್ಲಿಗೆ ಮುಗಿಯಿತು."

ಪಾಪುವಿನ ಬೆನ್ನು ಕುಲುಕಿತು. ಅಕ್ಕ ಗಾಬರಿಯಾಗಿ ಬಗ್ಗಿ ನೋಡಿದರೆ ನಗುತ್ತಿದ್ದಾನೆ. "ಕಲ್ಲಿನ ಬಾಯಾ! ಥೂ ಅದರ! ನಾನು ಯಾರೋ ರಾಜಕುಮಾರಿ ಇರ್ಬೇಕು ಅಂದ್ಕೊಂಡಿದ್ದೆ. ಸತ್ತೆ ನೋಡು, ಆರಾಮಾಗಿ ಸತ್ತೆ." ನಗು ನಿಂತ ಮೇಲೆ ಅಂದ, "ಸರಿ. ಈಗ ಡಾಕ್ಟ್ರು ಹೇಳಿದ್ದು ಓದು."

"ಅದೇನು ಪುಸ್ತಕದಲ್ಲಿದೆಯಾ?"

"ಪುಸ್ತಕ ಓದಿದ ಹಾಗೇ ಓದು. ನಡುವೆ ನಿನ್ನ ಮಾತು ಸೇರಿಸ್ಬೇಡ."

ಅಕ್ಕ ಪುಸ್ತಕವನ್ನು ಮಡಿಲಲ್ಲೇ ಇಟ್ಟುಕೊಂಡು, ಎದುರಿನ ಗೋಡೆ ನೋಡುತ್ತ ಶುರು ಮಾಡಿದಳು. ಮೊದಲು ತೊದಲಿದಳು, ಆಮೇಲೆ ದನಿ ನೆಲೆಗೆ ಬಂತು.

"ಪರದೆಯ ಕೆಳಗಿನ ಅಂಚು ಮತ್ತೆ ಬಿಟ್ಟುಕೊಂಡಿದೆ. ನಿನ್ನ ಮುಂದೆ ಎರಡು ದಾರಿಗಳಿವೆ. ಲೇಸರಿನ ದಾರಿ ಹಿಡಿದರೆ ಈಗ ಇರುವಷ್ಟು ಉಳಿಯುತ್ತದೆ. ಮಂಜು ಗಾಜಿನ ಹಿಂದೆ ನೋಡಿದ ಹಾಗೆ. ಬಾಗಿಲು ಎಲ್ಲಿದೆ, ಎದುರಿಗೆ ಯಾರು ಬಂದರು ಅನ್ನುವುದು ತಿಳಿಯುತ್ತದೆ. ನಿನ್ನ ಕೆಲಸ ಮಾಡಲು ಆಗುವುದಿಲ್ಲ. ಮತ್ತೊಂದು ಆಪರೇಷನ್ನಿನ ದಾರಿ ಹಿಡಿದರೆ, ಗೆದ್ದರೆ ಹೆಚ್ಚುಕಡಿಮೆ ಮೊದಲಿನ ಹಾಗೆ ಕಾಣಬಹುದು. ಸೋತರೆ..." ಇಲ್ಲಿ ಅವಳು ತಡೆದಳು. "ಸೋತರೆ ಇರುವುದೂ ಹೋಗುತ್ತದೆ. ಅರ್ಧಕ್ಕರ್ಧ. ಸೋಮವಾರದೊಳಗೆ ಹೇಳಬೇಕು." ಪುಸ್ತಕದ ದನಿ ಬಿಟ್ಟು ಅಂದಳು, "ನಾನು ನಿನ್ನ ಕೇಳ್ದೆ, ನೀನು ಲೇಸರ್ ಅಂದೆ ಅಂತ ನಿನ್ನೆ ಫೋನಲ್ಲಿ ಹೇಳ್ಬಿಟ್ಟಿದೀನಿ."

ಪಾಪು ಇಳಿಬಿಟ್ಟ ಕೈಯಲ್ಲಿ ಒಂದು ದಾಳ ಎತ್ತಿಕೊಂಡು ಬೆರಳಲ್ಲಿ ತಿರುಗಿಸುತ್ತ ಇದ್ದ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು.

"ಆಪರೇಷನ್" ಅಂದ.

"ಅದ್ಯಾಕೋ, ಇನ್ನೂ ಸ್ವಲ್ಪ ಯೋಚ್ನೆ..."

"ಮಾಡ್ದೆ ಅಕ್ಕ. ಹೆದ್ರಿಕೆ ಆಗುತ್ತೆ. ಆದ್ರೆ ಮಂಜಿನೊಳಗೆ ಕೂತ್ಕೊಂಡು, ಆ ಕಡೆ ಹೋಗಿದ್ರೆ ಏನಾಗ್ತಿತ್ತೋ ಅಂತ ಸಾಯೋವರೆಗೂ ಕೇಳ್ಕೊಳ್ತಾ ಇರೋದು ನನ್ನ ಕೈಲಾಗಲ್ಲ."

"ಸೋತ್ರೆ?"

"ಸೋತ್ರೆ ನಿನ್ನ ಮನೇಲೇ ಬಿದ್ದಿರ್ತೀನಿ. ನೀನು ಓದು, ನಾನು ಸಾಯ್ತಾ ಇರ್ತೀನಿ."

"ಬಾಯಿ ಮುಚ್ಚು" ಅಂದಳು ಅಕ್ಕ. ಅಳುವಿನ ನಡುವೆಯೇ ನಗು ಬಂದುಬಿಟ್ಟಿತು, ಅದಕ್ಕೂ ಸಿಟ್ಟು ಬಂತು. "ಗೆದ್ರೆ ಮತ್ತೆ ಆ ಗೂಡಿಗೆ ಓಡಿ ಹೋಗ್ತೀಯ. ಆರು ತಿಂಗ್ಳಿಗೊಂದ್ಸಲ ಬಂದು ನಿಂತ್ಕೊಂಡೇ ಟೀ ಕುಡೀತೀಯ."

ಪಾಪುವಿನ ಬೆರಳಲ್ಲಿ ದಾಳ ನಿಂತಿತು. "ಹಾಗನ್ಸುತ್ತಾ ನಿಂಗೆ? ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಇಷ್ಟು ದಿನ ನೀನೆಲ್ಲಿ ಕೂತಿದ್ದೆ ಹೇಳೋಕೆ?"

"ಕೂತ್ಕೊಂಡು ಕುಡೀತೀನಿ ಇನ್ಮೇಲೆ" ಅಂದ ಸಣ್ಣಗೆ. "ಫೋನ್ ಹಚ್ಚು."

ಅಕ್ಕ ಫೋನು ಹಚ್ಚಿದಳು. ಆ ಕಡೆ ಡಾಕ್ಟರ ದನಿ ಬಂತು. "ಡಾಕ್ಟ್ರೇ, ನಮ್ಮ ಪಾಪು ವಿಷಯ..." ಅಂತ ಶುರು ಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು. ಹೇಳಬೇಕಾದ ಮಾತೆಲ್ಲ ಬಾಯಿಯ ತುದಿಯಲ್ಲಿತ್ತು. ನುಂಗಿಕೊಂಡಳು. ಕುರ್ಚಿಯಿಂದ ಇಳಿದು, ಮಂಚದ ತಲೆಭಾಗದ ಕೆಳಗೆ ಮಂಡಿಯೂರಿ, ಫೋನನ್ನು ತಮ್ಮನ ಕಿವಿಗೆ ಹಿಡಿದಳು.

"ಹಲೋ ಡಾಕ್ಟ್ರೇ. ಹೌದು, ನಾನೇ. ಲೇಸರ್ ಬೇಡ. ಇನ್ನೊಂದ್ಸಲ ಆಪರೇಷನ್ನೇ ಮಾಡಿ. ಹೌದು, ಎಲ್ಲಾ ಗೊತ್ತು. ಪೂರ್ತಿ ಹೋಗ್ಬಹುದು ಅನ್ನೋದೂ ಗೊತ್ತು."

ಕಿವಿ ಹತ್ತಿರವೇ ಇದ್ದದ್ದರಿಂದ ಡಾಕ್ಟರ ಮಾತು ಅಕ್ಕನಿಗೂ ಕೇಳಿಸಿತು. "ಆದ್ರೆ ನಿನ್ನೆ ನಿಮ್ಮ ಅಕ್ಕ, ನೀವೇ ಲೇಸರ್ ಬೇಕು ಅಂದ್ರಿ ಅಂತ ಹೇಳಿದ್ರು. ನಿಮಗೆ ಸರಿಯಾಗಿ ಹೇಳಿದ್ರಾ ಅವ್ರು?"

ಅಕ್ಕ ಕಣ್ಣು ಮುಚ್ಚಿಕೊಂಡಳು. ಬರುವುದು ಬರಲಿ, ಮಾಡಿದ್ದುಣ್ಣೇ ಮಾರಾಯ್ತಿ, ಅಂದುಕೊಂಡಳು.

"ಹೇಳಿದ್ಲು ಡಾಕ್ಟ್ರೇ, ಒಂದಕ್ಷರ ಬಿಡದೆ ಹೇಳಿದ್ಲು" ಅಂದ ಪಾಪು. "ಲೇಸರ್ ಅಂದಿದ್ದು ನಾನೇ. ಹೆದ್ರಿಬಿಟ್ಟಿದ್ದೆ. ಅಕ್ಕ ಪಕ್ಕದಲ್ಲಿ ಕೂತು ಧೈರ್ಯ ಹೇಳಿದ್ಮೇಲೆ ಮನಸ್ಸು ಗಟ್ಟಿ ಮಾಡಿದೆ."

ಡಾಕ್ಟರು ಸೋಮವಾರ ಎಷ್ಟು ಹೊತ್ತಿಗೆ ಬರಬೇಕು, ಅದಕ್ಕೆ ಮೊದಲು ಏನು ತಿನ್ನಬಾರದು ಅಂತ ವಿವರ ಹೇಳತೊಡಗಿದರು. ಪಾಪು ಹೂಂ, ಹೂಂ ಅನ್ನುತ್ತಿದ್ದ. ನೆಲದ ಮೇಲೆ ಮಂಡಿಯೂರಿದ್ದ ಅಕ್ಕ, ಫೋನು ಜಾರಬಾರದೆಂದು ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಕಣ್ಣೊರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ.